ಕೂತು ಮಾಡೋ ಅಭಿನಯಕ್ಕೂ ಒಂದಿಷ್ಟು ಹೊತ್ತು ಕೊಡಿ: ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ಸವಿನಯ ನಮಸ್ಕಾರಗಳು. ನಾನು ಮೈಸೂರಲ್ಲಿ ಒಂದು ಬಾಡಿಗೆ ಹಾಲ್‌ನಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಭರತನಾಟ್ಯ ಹೇಳ್ಕೊಡೋಳು, ಬೆಳಿಗ್ಗೆ ಬೇರೆ ಕೆಲಸ ಇದೆ, ದೊಡ್ಡ ಹೆಸರೇನೂ ಇಲ್ಲ. ಇದುವರೆಗೂ ಯಾವ ಸಚಿವರಿಗೂ ಪತ್ರ ಬರ್ದೋಳಲ್ಲ. ಈಗ ಬರೀತಿರೋದು ಯಾಕಂದ್ರೆ ಹೋದ ವರ್ಷ ಒಂದು ನೃತ್ಯೋತ್ಸವದಲ್ಲಿ ನನ್ನ ಗುರುಗಳಿಗೆ ಆಗಿದ್ದನ್ನ ಕಣ್ಣಾರೆ ನೋಡ್ದೆ, ಅವತ್ತಿಂದ ಅದು ಮನಸ್ಸಿಂದ ಹೋಗ್ತಾನೇ ಇಲ್ಲ. ಆ ಉತ್ಸವ ಯಾರದ್ದು, ಯಾವ ಊರಲ್ಲಿ ಅಂತ ಹೇಳಲ್ಲ, ಒಬ್ಬರ ಮೇಲೆ ಬೊಟ್ಟು ಮಾಡಿ ತೋರಿಸೋದು ನನ್ನ ಉದ್ದೇಶ ಅಲ್ಲ, ಮತ್ತೆ ನಿಜ ಹೇಳ್ಬೇಕಂದ್ರೆ ಅದು ಎಲ್ಲಿ ಬೇಕಾದ್ರೂ ಆಗಬಹುದಿತ್ತು.

ನನ್ನ ಗುರುಗಳಿಗೆ ಈಗ ಎಪ್ಪತ್ತೆಂಟು. ನಾವೆಲ್ಲ ಅಮ್ಮ ಅಂತೀವಿ. ಮೈಸೂರಿನ ಹಳೇ ಪರಂಪರೆಯಲ್ಲಿ ಕಲಿತೋರು, ಮಂಡಿ ನೋವಿರೋದ್ರಿಂದ ಹತ್ತು ವರ್ಷದಿಂದ ನಿಂತು ಆಡಲ್ಲ, ಕೂತ್ಕೊಂಡೇ ಅಭಿನಯ ಮಾಡ್ತಾರೆ, ಅಂದ್ರೆ ಹಾಡಿನ ಭಾವಾನ ಮುಖ, ಕೈಗಳಲ್ಲೇ ತೋರಿಸ್ತಾರೆ. ಉತ್ಸವದೋರು ಅವರಾಗೇ ಫೋನ್ ಮಾಡಿ ಕರೆದ್ರು, ಇಪ್ಪತ್ತೈದು ನಿಮಿಷ ಅಂತ ಪತ್ರಾನೂ ಕಳಿಸಿದ್ರು. ಅಮ್ಮ ಒಂದು ತಿಂಗಳು ತಯಾರಿ ಮಾಡ್ಕೊಂಡ್ರು. ಇಷ್ಟು ವರ್ಷ ಮಾಡಿರೋರು ಇನ್ನೇನು ತಯಾರಿ ಅಂತ ನಾನು ಕೇಳಿದ್ದಕ್ಕೆ, ಹಾಡೋಳು ಹೊಸಬಳು ಕಣೇ, ಅವಳ ಉಸಿರು ನಂಗೆ ಗೊತ್ತಾಗಬೇಕಲ್ಲ ಅಂದ್ರು. ಹಾಡೋ ಹುಡುಗೀನ ದಿನಾ ಮನೆಗೆ ಕರೆಸ್ಕೊಂಡು ಕಾಫಿ ಕೊಟ್ಟು ಒಂದೇ ಸಾಲು ಹಾಡಿಸ್ತಿದ್ರು, ನಿಲ್ಸೋ ಜಾಗ, ಎಳೆಯೋ ಜಾಗ, ಮತ್ತೆ ಹಿಂದಕ್ಕೆ ಬರೋ ಜಾಗ.

ಅವತ್ತು ಅವರು ಎತ್ಕೊಂಡಿದ್ದು ವ್ಯಾಸರಾಯರ ದೇವರನಾಮ, ಕೃಷ್ಣಾ ನೀ ಬೇಗನೆ ಬಾರೋ. ಐದು ಗಂಟೆಗೆ ಇದ್ದ ಕಾರ್ಯಕ್ರಮ ಭಾಷಣ, ಸನ್ಮಾನ, ಹಾರ, ಫೋಟೋ ಎಲ್ಲ ಮುಗಿದು ಅಮ್ಮನ ಸರದಿ ಬಂದಾಗ ಎಂಟೂ ಕಾಲು. ಗ್ರೀನ್‌ರೂಮಲ್ಲಿ ಕೂರೋಕೆ ಸರಿಯಾದ ಕುರ್ಚೀನೂ ಇರ್ಲಿಲ್ಲ. ಸ್ಟೇಜ್ ಹತ್ತಬೇಕು ಅನ್ನೋವಾಗ ಒಬ್ಬರು ಬಂದು, ಮೇಡಂ ಟೈಮ್ ಇಲ್ಲ, ಹತ್ತು ನಿಮಿಷದಲ್ಲಿ ಮುಗಿಸ್ಬಿಡಿ, ಆಮೇಲೆ ಗ್ರೂಪ್ ಡ್ಯಾನ್ಸ್ ಇದೆ, ಮಕ್ಕಳ ಪೇರೆಂಟ್ಸ್ ಕಾಯ್ತಿದ್ದಾರೆ ಅಂದ್ರು. ಇನ್ನೊಬ್ಬರು, ಅಮ್ಮಾ ಸ್ವಲ್ಪ ಎದ್ದು ನಿಂತು ಮಾಡಕ್ಕಾಗಲ್ವಾ, ಕೂತ್ಕೊಂಡ್ರೆ ಹಿಂದೆ ಇರೋರಿಗೆ ಕಾಣಲ್ಲ ಅಂದ್ರು. ಅಮ್ಮ ಏನೂ ಮಾತಾಡ್ಲಿಲ್ಲ, ಮನೆಯಿಂದ ತಂದಿದ್ದ ಜಮಖಾನ ಹಾಸಿಸ್ಕೊಂಡು ಕೂತ್ರು.

ಲೈಟ್ ಬೇರೆ, ನೀಲಿ, ಕೆಂಪು, ಹಸಿರು ಅಂತ ತಿರುಗ್ತಾನೇ ಇತ್ತು. ಅಭಿನಯ ಅಂದ್ರೆ ಮುಖ. ಮುಖದ ಮೇಲೆ ಹಸಿರು ಲೈಟ್ ಬಿಟ್ರೆ ನಾಚಿಕೆ ಯಾವುದು ನೋವು ಯಾವುದು ಹೇಗೆ ಗೊತ್ತಾಗತ್ತೆ? ನಾನು ಓಡಿಹೋಗಿ ಲೈಟ್‌ನೋರನ್ನ ಕೈ ಮುಗಿದು ಕೇಳ್ಕೊಂಡೆ, ಬಿಳಿ ಲೈಟ್ ಒಂದೇ ಸಾಕು ಅಂತ. ಪಾಪ ಆ ಹುಡುಗ ಮಾಡ್ದ, ಯಾರೂ ಅವನಿಗೆ ಹೇಳೇ ಇರ್ಲಿಲ್ಲ ಅಷ್ಟೆ.

ಆಮೇಲೆ ಅಮ್ಮ ಶುರು ಮಾಡಿದ್ರು. ಪಲ್ಲವಿ ಒಂದೇ ಸಾಲು, ಅದನ್ನೇ ಹುಡುಗಿ ತಿರುಗಿಸಿ ತಿರುಗಿಸಿ ಹಾಡ್ತಾಳೆ. ಮೊದಲನೇ ಸಲ ಬಾರೋ ಅನ್ನೋವಾಗ ಯಶೋದೆ ಏನೋ ಕೆಲಸ ಮಾಡ್ತಾ ಮಾಡ್ತಾ ಕರೀತಾಳೆ, ತಲೆ ಎತ್ತಲ್ಲ, ಮಗ ಇಲ್ಲೇ ಎಲ್ಲೋ ಇರ್ತಾನೆ ಅನ್ನೋ ನಂಬಿಕೆ. ಎರಡನೇ ಸಲ ಕೈ ನಿಲ್ಲತ್ತೆ. ಮೂರನೇ ಸಲ ಕಣ್ಣು ಬಾಗಿಲ ಕಡೆ ಹೋಗತ್ತೆ. ನಾಲ್ಕನೇ ಸಲ ಅವಳಿಗೆ ಬಾವಿ ನೆನಪಾಗತ್ತೆ, ಅಲ್ಲಿ ಅಮ್ಮ ಬರೀ ಕುತ್ತಿಗೆ ಒಂಚೂರು ಮುಂದಕ್ಕೆ ಚಾಚ್ತಾರೆ, ಅಷ್ಟೇ, ನನ್ನ ಪಕ್ಕ ನಿಂತಿದ್ದ ಮೃದಂಗದೋರ ಹೆಂಡತಿ ಅಯ್ಯೋ ಅಂದ್ಬಿಟ್ರು. ಐದನೇ ಸಲ ಸಿಟ್ಟು, ಬಾ ನಿಂಗೆ ಮಾಡ್ತೀನಿ ಅಂತ. ಆರನೇ ಸಲ ಅಂಗೈಲಿ ಬೆಣ್ಣೆ ಇಟ್ಕೊಂಡು ಆಸೆ ತೋರಿಸೋದು. ಹೀಗೇ ಹೋಗ್ತಾ ಹೋಗ್ತಾ ಹಿಂದೆ ಗಲಾಟೆ ಮಾಡ್ತಿದ್ದ ಮಕ್ಕಳೂ ಸುಮ್ನಾದ್ರು, ನಾನು ತಿರುಗಿ ನೋಡ್ದೆ, ಮೊಬೈಲ್ ಕೈಲಿ ಹಿಡ್ಕೊಂಡಿದ್ದೋರು ಹಂಗೇ ಮೊಬೈಲ್ ಕೆಳಗಿಳಿಸಿ ನೋಡ್ತಿದ್ರು. ಕೊನೇ ಚರಣಕ್ಕೆ ಬಂದ್ರು. ಮಗು ಮಣ್ಣು ತಿಂದಿದೆ. ಅಮ್ಮ ಒಂದು ಬೆರಳಲ್ಲಿ ಗಲ್ಲ ಎತ್ತಿದ್ರು, ಆ ಅನ್ನು ಅಂತ ತಾವೂ ಬಾಯಿ ತೆಗೆದ್ರು, ಸೆರಗಿನ ತುದೀಲಿ ಒರೆಸೋಕೆ ಅಂತ ಬಗ್ಗಿ ಒಳಗೆ ನೋಡಿದ್ರು, ಆ ಕಣ್ಣು ಇನ್ನೇನು ಅರಳ್ಬೇಕು.

ಆಗ ನಿರೂಪಕಿ ಮೈಕ್ ಹಿಡ್ಕೊಂಡು ಸ್ಟೇಜ್ ಮೇಲೆ ಬಂದು, ಜೋರಾದ ಚಪ್ಪಾಳೆ ಬರಲಿ ಅಂದ್ರು.

ಹನ್ನೊಂದು ನಿಮಿಷ ಆಗಿತ್ತು ಮಾನ್ಯರೇ. ಜಗತ್ತೆಲ್ಲ ಆ ಬಾಯೊಳಗೆ ಕಾಣೋದಕ್ಕೆ ಇನ್ನೊಂದು ಮೂರು ನಿಮಿಷ ಬೇಕಾಗಿತ್ತು. ಅಮ್ಮ ಕೈ ಹಾಗೇ ಗಾಳೀಲಿ ಇಟ್ಕೊಂಡಿದ್ರು, ಆಮೇಲೆ ಮೆಲ್ಲಗೆ ಇಳಿಸಿದ್ರು, ಎಲ್ಲರಿಗೂ ಕೈ ಮುಗಿದು ಎದ್ದು ಬಂದ್ರು. ಕಾರಲ್ಲಿ ವಾಪಸ್ ಬರೋವಾಗ ಹಾಡಿದ ಹುಡುಗಿ ಅಳ್ತಿದ್ಲು, ಅಮ್ಮಾನೇ ಅವಳಿಗೆ ಸಮಾಧಾನ ಮಾಡಿದ್ರು.

ಇದನ್ನ ಇಷ್ಟು ವಿವರವಾಗಿ ಯಾಕೆ ಬರ್ದೆ ಅಂದ್ರೆ, ಇದು ಒಬ್ಬ ವಯಸ್ಸಾದ ಕಲಾವಿದೆಗೆ ಆದ ಅವಮಾನ ಅಷ್ಟೇ ಅಲ್ಲ. ಭರತನಾಟ್ಯದಲ್ಲಿ ಮೈಸೂರು ಶೈಲಿ ಅಂತ ನಾವು ಏನನ್ನ ಹೇಳ್ತೀವೋ ಅದರ ಜೀವಾನೇ ಈ ನಿಧಾನದಲ್ಲಿ ಇದೆ. ಆ ನಿಧಾನಕ್ಕೆ ನಮ್ಮ ವೇದಿಕೆಗಳಲ್ಲಿ ಈಗ ಜಾಗ ಇಲ್ಲ.

ಈ ಶೈಲಿ ಬೆಳೆಸಿದೋರು ಹೆಂಗಸರು. ಜಟ್ಟಿ ತಾಯಮ್ಮನವರು 1857ರಲ್ಲಿ ಹುಟ್ಟಿದೋರು, ಅಪ್ಪ ಅರಮನೆ ಪೈಲ್ವಾನರು, ಅದಕ್ಕೇ ಜಟ್ಟಿ ಅನ್ನೋ ಹೆಸರು. ಆಸ್ಥಾನದಲ್ಲಿ ಸಂಸ್ಕೃತ ಪಂಡಿತರ ಹತ್ರ ಪಾಠ ಹೇಳಿಸ್ಕೊಂಡು ಅಮರುಕನ ಶ್ಲೋಕಗಳು, ಜಯದೇವನ ಅಷ್ಟಪದಿಗಳು, ಕ್ಷೇತ್ರಯ್ಯನ ಪದಗಳು ಅನ್ನೋ ತೆಲುಗು ಶೃಂಗಾರದ ಹಾಡುಗಳು, ಕನ್ನಡದ ಜಾವಳಿಗಳು ಅನ್ನೋ ಚಿಕ್ಕ ಪ್ರೇಮಗೀತೆಗಳು ಇವನ್ನೆಲ್ಲ ಅರ್ಥ ಬಿಡಿಸಿ ಬಿಡಿಸಿ ಅಭಿನಯಕ್ಕೆ ತಂದೋರು. ಒಂದು ಶ್ಲೋಕ ಅಂದ್ರೆ ನಾಲ್ಕೇ ಸಾಲು, ತಾಳದ ಹಂಗೂ ಇಲ್ಲ, ರಾಗ ಹಿಡ್ಕೊಂಡು ಹಾಡ್ತಾ ಹೋದ್ರೆ ಕಲಾವಿದೆ ತನ್ನ ಮನೋಧರ್ಮಕ್ಕೆ ತಕ್ಕ ಹಾಗೆ ಬೆಳೆಸ್ತಾ ಹೋಗ್ಬೇಕು. 1947ರಲ್ಲಿ ಅವರು ತೀರ್ಕೊಂಡ್ರು. ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರು ಹುಟ್ಟಿದ್ದು 1906ರಲ್ಲಿ, ಕಡೂರು ತಾಲ್ಲೂಕಿನ ತಂಗಲಿ ತಾಂಡಾದಲ್ಲಿ, ಲಂಬಾಣಿ ಮನೆತನ. ಎಂಟನೇ ವಯಸ್ಸಿಗೆ ತಾಯಮ್ಮನವರ ಹತ್ರ ಸೇರಿ, 1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಆಸ್ಥಾನ ವಿದುಷಿ ಆದ್ರು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ವಿಭಾಗ ಶುರುವಾದಾಗ ಅಲ್ಲಿ ಮೊದಲ ರೀಡರ್ ಅವರೇ. 1992ರಲ್ಲಿ ಪದ್ಮಭೂಷಣ ಬಂತು, 2002ರಲ್ಲಿ ತೀರ್ಕೊಂಡ್ರು. ಒಂದು ತಾಂಡಾದ ಹೆಣ್ಣುಮಗು ಅರಮನೆ, ಯೂನಿವರ್ಸಿಟಿ, ಪದ್ಮಭೂಷಣದ ತನಕ ಹೋದ ಕತೆ ನನ್ನ ಕ್ಲಾಸಿನ ಮಕ್ಕಳಿಗೆ ಹೇಳಿದಾಗ ಅವರು ಕಣ್ಣು ಬಿಟ್ಕೊಂಡು ಕೇಳ್ತಾರೆ, ಇದು ನಮ್ಮ ಬುಕ್ಕಲ್ಲಿ ಯಾಕಿಲ್ಲ ಮಿಸ್ ಅಂತಾರೆ. ಇನ್ನು ಮೂಗೂರು ಶೈಲಿಯ ನರ್ತಕಿ ಜೇಜಮ್ಮ, ನಂಜನಗೂಡು ಕೋಲಾರ ಮುಳಬಾಗಿಲು ಕಡೆ ಇದ್ದ ಪರಂಪರೆಗಳು, ಒಂದೊಂದು ಊರಿಗೂ ಒಂದೊಂದು ರೀತಿ ಇತ್ತು.

ನಾವು ಪ್ರತಿ ವೇದಿಕೆ ಮೇಲೂ ನಾಟ್ಯರಾಣಿ ಶಾಂತಲೆ ಹೆಸರು ಹೇಳ್ತೀವಿ, ಬೇಲೂರಿನ ಮದನಿಕೆಯರ ಫೋಟೋ ಬ್ಯಾನರ್ ಮೇಲೆ ಹಾಕ್ತೀವಿ. ಹಾಕಬೇಕು, ನಂಗೂ ಹೆಮ್ಮೇನೇ. ಆದ್ರೆ ಶಾಂತಲೆ ಕಾಲ ಹನ್ನೆರಡನೇ ಶತಮಾನ. ಅಲ್ಲಿಂದ ಇಲ್ಲಿಗೆ ಕಲೇನ ಮೈಯಲ್ಲಿ ಹೊತ್ಕೊಂಡು ಬಂದೋರು ಯಾರು? ದೇವಸ್ಥಾನದ, ಆಸ್ಥಾನದ ಹೆಂಗಸರು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸ್ತು. ಚಿಕ್ಕ ಹೆಣ್ಣುಮಕ್ಕಳನ್ನ ದೇವರ ಹೆಸರಲ್ಲಿ ಬಿಡೋದು ತಪ್ಪು, ಅದು ನಿಲ್ಲಲೇಬೇಕಿತ್ತು, ಅದನ್ನ ತಡೆಯೋ ಕಾಯ್ದೆ ಇನ್ನೂ ಬಿಗಿಯಾಗಿ ಜಾರಿ ಆಗ್ಬೇಕು ಅನ್ನೋದರಲ್ಲಿ ನಂಗೆ ಎರಡು ಮಾತಿಲ್ಲ. ಆದ್ರೆ ಪದ್ಧತಿ ಜೊತೆ ಆ ಹೆಂಗಸರ ಹೆಸರನ್ನೂ ಅಳಿಸಿ ಹಾಕಿದ್ವಲ್ಲ, ಅದು ಅನ್ಯಾಯ. ಅವರು ಕಟ್ಟಿದ ಹಾಡು ಬೇಕು, ಅವರು ಹಾಕಿದ ಹೆಜ್ಜೆ ಬೇಕು, ಅವರ ಹೆಸರು ಮಾತ್ರ ಇನ್ವಿಟೇಷನ್ ಮೇಲೆ ಬರಬಾರದು. ನಂಜನಗೂಡಲ್ಲಿ ಅಂಥದ್ದೇ ಮನೆತನದಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮ ತಮ್ಮ ಸ್ವಂತ ದುಡ್ಡು ಹಾಕಿ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ್ರು, ಹೆಂಗಸರು ಹಾಡೋ ಹಾಗಿಲ್ಲ ಅಂತಿದ್ದ ಕಡೆ ಹೆಂಗಸರಿಗೆ ಹಾಡೋಕೆ ಜಾಗ ಮಾಡ್ಕೊಟ್ರು. ಆ ಮನೆತನಗಳಲ್ಲಿ ಈಗಿರೋ ಎಷ್ಟೋ ಜನ ನಮ್ಮಜ್ಜಿ ಕುಣೀತಿದ್ರು ಅಂತ ಹೊರಗೆ ಹೇಳ್ಕೊಳಲ್ಲ. ಅಮ್ಮನ ಪರಿಚಯದ ಒಬ್ಬರು ತಮ್ಮ ಅಜ್ಜಿಯ ಗೆಜ್ಜೇನ ಹಳೇ ಟ್ರಂಕಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದಾರೆ, ಸೊಸೆಗೂ ತೋರಿಸಿಲ್ಲ.

ಅದೇ ಕೃಷ್ಣಾ ನೀ ಬೇಗನೆ ಬಾರೋ ವಿಷಯ ತಗೊಳಿ. ಕನ್ನಡದ್ದು, ಉಡುಪಿ ಕೃಷ್ಣನದ್ದು. ಪ್ರಪಂಚಕ್ಕೆ ಅದರ ಅಭಿನಯ ತೋರಿಸಿದೋರು ಮದ್ರಾಸಿನ ನರ್ತಕಿ ಟಿ. ಬಾಲಸರಸ್ವತಿ, ಅವರೂ ಅಂಥದ್ದೇ ಒಂದು ಮನೆತನದ ಮಗಳು. 1976ರಲ್ಲಿ ಸತ್ಯಜಿತ್ ರಾಯ್ ಬಾಲಸರಸ್ವತಿಯವರ ಮೇಲೆ ಸಾಕ್ಷ್ಯಚಿತ್ರ ಮಾಡಿದಾಗ ಸಮುದ್ರದ ದಂಡೇಲಿ ಅವರು ಇದನ್ನ ಮಾಡಿದ್ದು ಇವತ್ತಿಗೂ ನೋಡೋಕೆ ಸಿಗತ್ತೆ, ಗಾಳಿಗೆ ಸೀರೆ ಹಾರ್ತಿರತ್ತೆ, ಆದ್ರೂ ಆ ಕಣ್ಣು ಅಲ್ಲಾಡಲ್ಲ. ಯಾರೋ ಒಬ್ಬರು ಕ್ಯಾಮೆರಾ ಇಟ್ಟಿದ್ದಕ್ಕೆ ಅದು ಉಳೀತು. ನಮ್ಮಲ್ಲಿ ಈಗ ಎಪ್ಪತ್ತು ಎಂಬತ್ತು ದಾಟಿರೋ ಎಷ್ಟೋ ಗುರುಗಳ ಮುಂದೆ ಅಂಥ ಒಂದು ಕ್ಯಾಮೆರಾ ಯಾರೂ ಇಟ್ಟಿಲ್ಲ.

ಪರೀಕ್ಷೆ ವಿಷಯಾನೂ ಹೇಳ್ಬೇಕು. ನನ್ನ ಒಬ್ಬ ಶಿಷ್ಯೆ ಕೆಲವು ವರ್ಷದ ಹಿಂದೆ ರಾಜ್ಯದ ನೃತ್ಯ ಪರೀಕ್ಷೆಯ ಸೀನಿಯರ್ ಹಂತಕ್ಕೆ ಕೂತಿದ್ಲು. ಪ್ರಾಕ್ಟಿಕಲ್‌ನಲ್ಲಿ ಒಬ್ಬ ಪರೀಕ್ಷಕರು, ನಿಂದು ಯಾವ ಬಾನಿ, ಅಂದ್ರೆ ಯಾವ ಶೈಲಿ, ಪಂದನಲ್ಲೂರೋ ವಳುವೂರೋ ಅಂತ ಕೇಳಿದ್ರಂತೆ. ಇವಳು ಮೈಸೂರು ಶೈಲಿ ಮೇಡಂ ಅಂದ್ಲು. ಅದು ಈಗ ಎಲ್ಲಮ್ಮಾ ಇದೆ ಅಂದ್ರಂತೆ. ಹುಡುಗಿ ಪಾಸಾದ್ಲು, ಒಳ್ಳೇ ಮಾರ್ಕ್ಸೇ ಬಂತು, ಆದ್ರೆ ಹೊರಗೆ ಬಂದು ನನ್ನ ಕೇಳಿದ್ದು, ಮಿಸ್ ನಾವು ಕಲೀತಿರೋದು ಇಲ್ವೇ ಇಲ್ವಾ ಅಂತ. ನಾನೇನು ಉತ್ತರ ಹೇಳಲಿ? ಪಂದನಲ್ಲೂರು ವಳುವೂರು ಎಲ್ಲ ತಮಿಳುನಾಡಿನ ದೊಡ್ಡ ಪರಂಪರೆಗಳು, ಅವರ ಅಡವಿನ, ಅಂದ್ರೆ ಹೆಜ್ಜೆಗಳ ಚೊಕ್ಕತನ ನೋಡಿದ್ರೆ ಕೈ ಮುಗೀಬೇಕು ಅನ್ಸತ್ತೆ. ಭರತನಾಟ್ಯಕ್ಕೆ ಈಗಿನ ರೂಪ ಕೊಟ್ಟ ತಂಜಾವೂರು ಸಹೋದರರಲ್ಲಿ ಒಬ್ಬರಾದ ಚಿನ್ನಯ್ಯನವರೇ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದಿದ್ದೋರು, ಅಲ್ಲಿಗೂ ಇಲ್ಲಿಗೂ ಕೊಡು-ತಗೊಳೋದು ಮೊದಲಿಂದಲೂ ಇತ್ತು, ಜಗಳ ಏನೂ ಇಲ್ಲ. ಆದ್ರೆ ಕರ್ನಾಟಕದ ಪರೀಕ್ಷೇಲಿ ಕರ್ನಾಟಕದ ಶೈಲಿ ಇದೆ ಅಂತ ಒಂದು ಹುಡುಗಿ ಸಾಬೀತು ಮಾಡ್ಬೇಕಾಗಿ ಬಂದ್ರೆ ಹೇಗೆ.

ಇನ್ನೊಂದು ವಿಷಯ, ಬೇಗ ಹೇಳಿ ಮುಗಿಸ್ತೀನಿ. ಅಮ್ಮನ ಜೊತೆಗೇ ಕಲಿತ ಇನ್ನೊಬ್ಬರಿಗೆ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕ್ಸೋಕೆ ನಾನೇ ಓಡಾಡ್ದೆ. ಕಾರ್ಯಕ್ರಮದ ಕರಪತ್ರ ಕೊಡಿ, ಪೇಪರ್ ಕಟಿಂಗ್ ಕೊಡಿ, ಸರ್ಟಿಫಿಕೇಟ್ ಕೊಡಿ ಅಂದ್ರು. ನಲವತ್ತು ವರ್ಷ ಮನೆ ಪಡಸಾಲೇಲಿ ಪಾಠ ಹೇಳಿದ ಹೆಂಗಸಿನ ಹತ್ರ ಪೇಪರ್ ಕಟಿಂಗ್ ಎಲ್ಲಿಂದ ಬರ್ಬೇಕು? ಗಂಡನ ಮನೇಲಿ ವೇದಿಕೆ ಹತ್ತೋಕೆ ಬಿಡ್ಲಿಲ್ಲ, ಪಾಠ ಹೇಳೋಕೆ ಬಿಟ್ಟಿದ್ದೇ ದೊಡ್ಡದು. ಅವರ ಶಿಷ್ಯೆಯರು ಇವತ್ತು ಬೇರೆ ಬೇರೆ ಊರಲ್ಲಿ ಕ್ಲಾಸ್ ನಡೆಸ್ತಿದ್ದಾರೆ, ಅದೇ ಅಲ್ವಾ ಸರ್ಟಿಫಿಕೇಟು. ಅರ್ಜಿ ಇನ್ನೂ ಹಂಗೇ ಇದೆ.

ಈಗ ನನ್ನ ಬೇಡಿಕೆಗಳು. ಹೊಸ ಭವನ ಕಟ್ಟಿ, ಕೋಟಿಗಟ್ಟಲೆ ಕೊಡಿ ಅಂತ ಕೇಳ್ತಿಲ್ಲ.

ಸರ್ಕಾರದ ದುಡ್ಡು ತಗೊಂಡು ನಡೆಸೋ ಯಾವುದೇ ನೃತ್ಯೋತ್ಸವ ಇರಲಿ, ಅದರಲ್ಲಿ ಅಭಿನಯಕ್ಕೆ ಅಂತಲೇ ಒಂದು ಕಾರ್ಯಕ್ರಮ, ಕಡಿಮೆ ಅಂದ್ರೂ ಮುಕ್ಕಾಲು ಗಂಟೆ, ಇರಲೇಬೇಕು ಅಂತ ಷರತ್ತು ಹಾಕಿ. ಅದು ಭಾಷಣದ ಆಮೇಲೆ ಅಲ್ಲ, ಮುಂಚೆ ಆಗಲಿ. ಧ್ವನಿಮುದ್ರಣ ಹಾಕಿ ಅಲ್ಲ, ಎದುರಿಗೆ ಕೂತು ಹಾಡೋರು ಇರಲಿ, ಯಾಕಂದ್ರೆ ಕಲಾವಿದೆ ಒಂದು ಸಾಲನ್ನ ಹತ್ತು ಸಲ ತಿರುಗಿಸ್ತಾಳೋ ಹದಿನೈದು ಸಲವೋ ಅಂತ ಮೊದಲೇ ಪೆನ್‌ಡ್ರೈವ್‌ಗೆ ತುಂಬೋಕಾಗಲ್ಲ. ದೊಡ್ಡ ಸಭಾಂಗಣ ಬೇಡ, ನೂರು ಜನ ಹತ್ರ ಕೂತು ನೋಡೋ ಚಿಕ್ಕ ಜಾಗ ಸಾಕು, ಅರಮನೇಲೂ ಇದನ್ನ ಹತ್ರದಿಂದಲೇ ನೋಡ್ತಿದ್ದಿದ್ದು. ಬಿಳಿ ಲೈಟ್ ಒಂದು.

ಮೈಸೂರು ಶೈಲಿ ಗೊತ್ತಿರೋ ಹಿರಿಯರ ಪಟ್ಟಿ ಮಾಡಿಸಿ ಅವರ ಅಭಿನಯ ಪೂರ್ತಿ ರೆಕಾರ್ಡ್ ಮಾಡಿಸಿ. ಎರಡು ನಿಮಿಷದ ತುಣುಕು ಅಲ್ಲ, ಪೂರ್ತಿ. ಹಾಡಿನ ಸಾಹಿತ್ಯ, ಯಾರಿಂದ ಕಲಿತ್ರು, ಅವರು ಯಾರಿಂದ ಕಲಿತ್ರು, ಯಾವ ಪದಕ್ಕೆ ಯಾಕೆ ಆ ಹಸ್ತಮುದ್ರೆ ಅನ್ನೋದನ್ನೆಲ್ಲ ಅವರ ಬಾಯಲ್ಲೇ ಹೇಳಿಸಿ. ಅದಕ್ಕೆ ಅವರಿಗೆ ಸರಿಯಾದ ಸಂಭಾವನೆ ಕೊಡಿ, ಬರೀ ಶಾಲು ಹಾರ ಸಾಲದು. ಆಮೇಲೆ ಅದನ್ನ ಯಾವುದೋ ಬೀರುವಿನಲ್ಲಿ ಇಡಬೇಡಿ, ರಾಯಚೂರಿನ ಹುಡುಗೀಗೂ ಅಮೆರಿಕದಲ್ಲಿ ಕನ್ನಡ ಮಕ್ಕಳಿಗೆ ಹೇಳ್ಕೊಡೋ ಟೀಚರ್‌ಗೂ ಫ್ರೀಯಾಗಿ ಸಿಗೋ ಹಾಗೆ ಆನ್‌ಲೈನ್ ಹಾಕಿ.

ಪರೀಕ್ಷೆ ನಡೆಸೋರಿಗೆ ತಾವು ಒಂದು ಮಾತು ಹೇಳಿ, ಪಠ್ಯದಲ್ಲಿ ತಾಯಮ್ಮ, ವೆಂಕಟಲಕ್ಷಮ್ಮ, ಜೇಜಮ್ಮ ಇವರ ಬಗ್ಗೆ ಬರೀ ಎರಡು ಮಾರ್ಕಿನ ಟಿಪ್ಪಣಿ ಬೇಡ, ಶ್ಲೋಕಾಭಿನಯ, ಕನ್ನಡ ಜಾವಳಿ, ಕೂತು ಮಾಡೋ ಅಭಿನಯ ಇವು ಪ್ರಾಕ್ಟಿಕಲ್‌ನಲ್ಲಿ ಬರಲಿ, ಅದನ್ನ ನೋಡಿ ಮಾರ್ಕ್ಸ್ ಹಾಕೋಕೆ ಗೊತ್ತಿರೋರು ಒಬ್ಬರಾದ್ರೂ ಅಲ್ಲಿ ಕೂರಲಿ ಅಂತ. ಮಾಸಾಶನಕ್ಕೆ ಪೇಪರ್ ಕಟಿಂಗ್ ಬದಲು ಐದಾರು ಜನ ಶಿಷ್ಯೆಯರ ಲಿಖಿತ ಹೇಳಿಕೆ ಸಾಕು ಅಂತ ನಿಯಮ ಬದಲಾಯಿಸಿ, ಮನೇಲೇ ಪಾಠ ಹೇಳಿದ ಹೆಂಗಸರಿಗೆ ಇದರಿಂದ ತುಂಬಾ ಅನುಕೂಲ ಆಗತ್ತೆ.

ಸಭಾ ನಡೆಸೋರಿಗೂ ಇದೇ ಪತ್ರದಲ್ಲಿ ಒಂದು ಮನವಿ. ನಿಮ್ಮ ಕಷ್ಟ ನಂಗೊತ್ತು, ನಾನೂ ಮಕ್ಕಳ ವಾರ್ಷಿಕೋತ್ಸವ ಮಾಡ್ತೀನಿ, ಹಾಲ್ ಬಾಡಿಗೆ, ಪೇರೆಂಟ್ಸ್ ಒತ್ತಡ, ಬಂದ ಗಣ್ಯರು ಬೇಗ ಹೋಗ್ಬೇಕು ಅನ್ನೋದು ಎಲ್ಲ ಇರತ್ತೆ. ಆದ್ರೆ ಹಿರಿಯರನ್ನ ಕರೆದ್ರೆ ಹೇಳಿದಷ್ಟು ಹೊತ್ತು ಕೊಡಿ, ಕೊಡೋಕಾಗಲ್ಲ ಅಂದ್ರೆ ಕರೀಬೇಡಿ. ಮಧ್ಯ ಮೈಕ್ ಹಿಡ್ಕೊಂಡು ಬರಬೇಡಿ.

ಅಮ್ಮ ಈಗ ಮಂಗಳವಾರ, ಶುಕ್ರವಾರ ನಮ್ಮ ಹಾಲ್‌ಗೆ ಬರ್ತಾರೆ. ಅವರ ಹಳೇ ನೋಟ್‌ಬುಕ್ಕಲ್ಲಿ ಅಭಿನಯಕ್ಕೆ ಅಂತ ಬರ್ಕೊಂಡಿರೋ ಶ್ಲೋಕ, ಪದ, ಜಾವಳಿ ಎಲ್ಲ ಸೇರಿ ಅರವತ್ತರ ಮೇಲಿದೆ, ಮೂವತ್ತು ವರ್ಷದಲ್ಲಿ ನಾನು ಕಲ್ತಿರೋದು ಇಪ್ಪತ್ತೆರಡು. ಮಿಕ್ಕಿದ್ದು ಅವರ ಒಬ್ಬರ ಹತ್ರಾನೇ ಇದೆ. ಕೆಲವಕ್ಕೆ ಸಾಹಿತ್ಯ ಬರೆದಿದೆ, ರಾಗ ಬರೆದಿಲ್ಲ, ಕೇಳಿದ್ರೆ ಹಾಡಿ ತೋರಿಸ್ತಾರೆ, ಮಾರನೇ ವಾರ ಕೇಳಿದ್ರೆ ಒಂದೊಂದ್ಸಲ ಮರೆತಿರ್ತಾರೆ. ಮೊನ್ನೆ ಮಂಗಳವಾರ ನಾವೆಲ್ಲ ಕೇಳ್ಕೊಂಡ್ವಿ ಅಂತ ಆ ಕೊನೇ ಚರಣಾನ ಹನ್ನೆರಡು ಮಕ್ಕಳ ಮುಂದೆ ಪೂರ್ತಿ ಮಾಡಿದ್ರು, ಗಲ್ಲ ಎತ್ತಿ, ಬಾಯೊಳಗೆ ನೋಡಿ, ಕಣ್ಣು ಅರಳಿ, ಆಮೇಲೆ ಹೆದರಿ, ಕೈ ಮುಗಿಯೋಕೆ ಹೋಗಿ, ಮುಗೀದೆ, ಮಗೂನ ತಬ್ಕೊಂಡ್ರು. ನನ್ನ ಫೋನಲ್ಲಿ ರೆಕಾರ್ಡ್ ಮಾಡ್ದೆ, ಅರ್ಧಕ್ಕೆ ಸ್ಟೋರೇಜ್ ಫುಲ್ ಅಂತ ನಿಂತೋಯ್ತು.

ದಯವಿಟ್ಟು ಈ ವರ್ಷದ ನವರಾತ್ರಿಗೆ ಮುಂಚೆ ರೆಕಾರ್ಡ್ ಮಾಡೋ ಕೆಲಸ ಆದ್ರೂ ಶುರು ಮಾಡಿಸಿ. ನಿಮ್ಮ ಇಲಾಖೆಯಿಂದ ಯಾರೇ ಬಂದ್ರೂ ನಾನೇ ಬಸ್‌ಸ್ಟ್ಯಾಂಡಿಗೆ ಬಂದು ಕರ್ಕೊಂಡ್ ಹೋಗ್ತೀನಿ.

ಗೌರವಗಳೊಂದಿಗೆ,
ಒಬ್ಬ ನೃತ್ಯ ಶಿಕ್ಷಕಿ,
ಮೈಸೂರು